ನಾಲ್ಕು ಪಾಯಿಂಟ್ ಎರಡು

ತಾಳವಾಡಿ ಬಸ್ ನಿಲ್ದಾಣದ ಹಿಂದೆ,
ಹೊರಗೆ ತಮಿಳು ಬೋರ್ಡು, ಒಳಗೆ ಕನ್ನಡದ ಬೈಗುಳ,
ಇದು ನನ್ನ ಅಂಗಡಿ. ಒಂದು ಮೇಜು, ಒಂದು ಸಾಲ್ಡರ್ ಕಡ್ಡಿ,
ಸತ್ಯಮಂಗಲದಿಂದ ಗುಜರಿ ತೂಕದಲ್ಲಿ ಬಂದ
ಸತ್ತ ಲ್ಯಾಪ್‌ಟಾಪುಗಳ ಹೊಟ್ಟೆಯ ಸೆಲ್ಲುಗಳು.
ಇಪ್ಪತ್ತೇಳು ತಿರುವು ಹತ್ತಿ ಬಂದವು.
ಅರ್ಧಕ್ಕರ್ಧ ದಾರಿಯಲ್ಲೇ ಉಸಿರು ಬಿಟ್ಟಂತಿವೆ.

ಮಿಕ್ಕವು ರಾತ್ರಿ ಹಣೆಗೆ ಕಟ್ಟುವ ದೀಪಕ್ಕೆ.
ಮುಸುಕಿನ ಜೋಳ, ಕೋಸು, ಮರದ ಮೇಲೊಂದು ಅಟ್ಟಣೆ,
ಕಾಡಿನ ಅಂಚಿಗೆ ಸದ್ದಿಲ್ಲದೆ ಬಂದು ನಿಂತ
ಯಾರದೋ ಕಿವಿಯ ಬೀಸು.
ದೀಪ ಆರಿದ ಗಳಿಗೆಯೇ ಅವು ಒಳಗೆ.

ಇವತ್ತು ಕೆಂಪಸಿದ್ದ ನಾಲ್ಕು ಚಾರ್ಜರ್ ತಂದು ಸುರಿದ.
'ಎಲ್ಲಾನೂ ಹಸ್ರು ಲೈಟ್ ಕೊಡ್ತವೆ ಕನಕ್ಕ,
ಸುಮ್ನೆ ಒಂದ್ ಸಲ ನೋಡ್ಬುಡು.'

ಹಸಿರು ದೀಪದ ಮಾತು ನಾನು ನಂಬುವವಳಲ್ಲ.
ಖಾಲಿ ಚಾರ್ಜರಿನ ಬಾಯಿಗೆ ಮೀಟರಿನ ಕಡ್ಡಿ ಹಿಡಿದರೆ
ಅದು ಬಾಯಿಗೆ ಬಂದ ಲೆಕ್ಕ ಹೇಳುತ್ತದೆ.
ಎದುರಿಗೊಬ್ಬರನ್ನು ಉಣ್ಣಲು ಕೂರಿಸಿಯೇ ನೋಡಬೇಕು
ಬಡಿಸುವವರ ಕೈಯನ್ನು.

ಕೂರಿಸಿದೆ.
ಮೂರೂ ಮುಕ್ಕಾಲು ದಾಟಿತು, ನಾಲ್ಕು ದಾಟಿತು,
ಆಮೇಲೆ ಇರುವೆ ನಡಿಗೆ.
ಚಾಮರಾಜನಗರದ ಬಸ್ಸು ಬಂತು, ಹೋಯಿತು.
ಮೊದಲನೆಯದು ನಾಲ್ಕು ಪಾಯಿಂಟ್ ಒಂದು ಒಂಬತ್ತಕ್ಕೆ ಕೈ ತೊಳೆಯಿತು.
ಎರಡನೆಯದು ಸರಿಯಾಗಿ ಎರಡು ಸೊನ್ನೆ.
ಮೂರನೆಯದು ವಸಿ ಆಸೆಬುರುಕ, ಎರಡು ಒಂದು. ಹೋಗಲಿ.
ನಾಲ್ಕನೆಯದು ಹಸಿರಾಯಿತು.
ಹಸಿರಾಗಿಯೂ ನಿಲ್ಲಲಿಲ್ಲ.
ಎರಡು ನಾಲ್ಕು. ಎರಡು ಏಳು.
ಸೆಲ್ಲಿನ ಮೈ ಮುಟ್ಟಿದೆ: ಜ್ವರದ ಮಗುವಿನ ಅಂಗಾಲು.
ಮೂರು ಒಂದು ಎನ್ನುವಾಗ ಕಿತ್ತು
ಮರಳು ತುಂಬಿದ ಡಬ್ಬಿಗೆ ಹಾಕಿದೆ.

'ಇನ್ನೊಸಿ ತುಂಬುದ್ರೆ ಒಳ್ಳೇದೇ ಅಲ್ವಾ,
ಬೆಳಗಾಗಗಂಟ ಉರೀತದೆ' ಅಂದ ಸಿದ್ದ.

ಚಿಕ್ಕತಾಯಮ್ಮ ನನ್ನನ್ನು ಹೆತ್ತವಳಲ್ಲ.
ದಿಂಬಂ ಘಾಟಿಯಲ್ಲಿ ಲಾರಿ ಉರುಳಿದ ವಾರ
ಎಷ್ಟೋ ದಿನದಿಂದ ಅನ್ನ ಕಾಣದವಳನ್ನು
ಆಸ್ಪತ್ರೆಯ ಜಗಲಿಯಿಂದ ಎತ್ತಿ ತಂದವಳು.
ನಾನು ಮಡಕೆಗೇ ಕೈ ಹಾಕಿದ್ದೆನಂತೆ.
ಅವಳು ತಟ್ಟೆ ನೋಡಲಿಲ್ಲ, ನನ್ನ ಗಂಟಲು ನೋಡಿದಳು.
ಮೊದಲ ಮುದ್ದೆ ಇನ್ನೂ ಅರ್ಧ ಇರುವಾಗಲೇ
ತಟ್ಟೆ ಎಳೆದುಕೊಂಡು ಅಂದಳು: 'ಸಾಕು.'
ಕಚ್ಚಿದೆ.
ಆ ಹಲ್ಲಿನ ಗುರುತು ಕೊನೆಯತನಕ ಅವಳ ಮುಂಗೈಯಲ್ಲಿತ್ತು.
ಬಂದವರಿಗೆಲ್ಲ ತೋಳು ಮಡಿಸಿ ತೋರಿಸುವಳು,
ಚಿನ್ನದ ಬಳೆ ತೋರಿಸುವ ಹಾಗೆ:
'ನೋಡಿ, ಇವಳು ನನ್ನ ಸಾಕುಮಗಳು.'

ಇದೆಲ್ಲ ಸಿದ್ದನಿಗೆ ಹೇಳಲಿಲ್ಲ.
'ಹೊಟ್ಟೆ ಒಡೀತದೆ ಕನೋ' ಅಂದೆ ಅಷ್ಟೆ.
ಮೂರು ಸೆಲ್ಲು ಜೇಬಿಗಿಳಿಸಿ, ನಾಲ್ಕನೆಯದರ ದುಡ್ಡಿಗೆ ಜಗಳವಾಡಿ,
ನನ್ನ ಲೆಕ್ಕದಲ್ಲಿ ಟೀ ಕುಡಿದು ಹೋದ.
ಆ ಚಾರ್ಜರಿನ ಬೆನ್ನಿಗೆ ಕಪ್ಪು ಶಾಯಿಯಲ್ಲಿ
ಎರಡೂ ಲಿಪಿಯಲ್ಲಿ 'ಬೇಡ' ಎಂದು ಬರೆದೆ.
ಕನ್ನಡದ್ದು ಚಿಕ್ಕದಾಗಿ ಮುಗಿಯಿತು,
ತಮಿಳಿನದಕ್ಕೆ ಜಾಗ ಸಾಲದೆ ಅಂಚಿನಲ್ಲಿ ತಿರುಗಿಸಿದೆ.

ಈಗ ಶಟರ್ ಅರ್ಧ ಎಳೆದಿದೆ.
ಗುಡ್ಡದ ಬುಡದಲ್ಲಿ ಯಾರೋ ತಗಡು ಬಡಿಯುತ್ತಿದ್ದಾರೆ.
ಮೂರು ದೀಪ ಒಂದೇ ಕಡೆಗೆ ತಿರುಗಿವೆ,
ಅವುಗಳ ಪಕ್ಕ ಒಂದು ದೀಪದಷ್ಟು ಕತ್ತಲು.
ಡಬ್ಬಿಯ ಮರಳು ಸರಿಸಿ ಮತ್ತೆ ಕಡ್ಡಿ ಇಟ್ಟೆ.
ಎರಡು ಎಂಟು.
ಇಳಿಯುತ್ತಿದೆ, ಇನ್ನೂ ಬೆಚ್ಚಗಿದೆ.
ಮನೆಗೆ ಹೋಗಬಹುದಿತ್ತು.
ಸ್ಟೂಲು ಎಳೆದುಕೊಂಡು ಕೂತೆ.