ಊದಿ ಸಾರ್

ಹೊಳೆಹೊನ್ನೂರು ರಸ್ತೆ. ರಾತ್ರಿ ಹನ್ನೊಂದು ದಾಟಿದೆ.
ಎಸ್‌ಐ ಸಾಹೇಬರ ಪಕ್ಕ ಕೊಳವೆ ಬದಲಿಸುವುದು ನನ್ನ ಕೆಲಸ.
ಹೋಂಗಾರ್ಡ್ ರತ್ನಾವತಿ, ದಿನಗೂಲಿ.

ಒಬ್ಬ ಊದುವುದೇ ಇಲ್ಲ, ಕೆನ್ನೆ ಉಬ್ಬಿಸಿ
ಶಂಖದವನ ಹಾಗೆ ಕಣ್ಣು ಮುಚ್ಚುತ್ತಾನೆ.
ಇನ್ನೊಬ್ಬ ಫೋನ್ ಚಾಚುತ್ತಾನೆ, "ಅಣ್ಣ ಮಾತಾಡ್ತಾರೆ."
ಯಾರ ಅಣ್ಣನೋ.

ಇವರನ್ನು ಕಂಡರೆ ಭಯವಿಲ್ಲ.
ಭಯ, ನನಗೆ ಭಾಗಾಕಾರ ಕಲಿಸಿದ
ಕೃಷ್ಣೋಜಿ ಮೇಷ್ಟ್ರನ್ನು ಕಂಡರೆ:
ಖಾಲಿ ರಸ್ತೆಯಲ್ಲೂ ಇಂಡಿಕೇಟರ್ ಹಾಕಿ,
ನಾಯಿ ದಾಟಲೆಂದು ಕಾದು,
ನಗುತ್ತ ಬಂದು ನಿಂತವರು.
"ಕುಡಿದಾಗ್ಲೇ ಕಣಮ್ಮ ನಾನು ಜಾಸ್ತಿ ಹುಷಾರು.
ಇಪ್ಪತ್ತು ವರ್ಷ, ಗಾಡಿಗೆ ಒಂದು ಗೀರಿಲ್ಲ."

ನೂರ ಅರವತ್ತೆಂಟು.

ಮೊಣಕಾಲ ನಡುವೆ ನಿಂತಲ್ಲೇ ತೂಕಡಿಸುತ್ತಿದ್ದ ಮೊಮ್ಮಗಳು
ಕಣ್ಣುಜ್ಜಿದಳು: "ಅಜ್ಜ, ನಾನೂ ಊದ್ತೀನಿ."
ಹೊಸ ಕೊಳವೆ ಹಾಕಿಕೊಟ್ಟೆ. ಯಾಕೋ.
ಸೊನ್ನೆ.

ಮೇಷ್ಟ್ರು ಚಪ್ಪಾಳೆ ತಟ್ಟಿದರು,
"ನೋಡಿದ್ರಾ! ಈಗ ಸರಾಸರಿ ತೆಗೀರಿ."
ಸಾಹೇಬರಿಗೂ ನಗು ಬಂತು. ನನಗೂ.
ನಗುತ್ತಲೇ ಬಾಯಲ್ಲಿ ಭಾಗಿಸಿದೆ:
ಎಂಬತ್ತನಾಲ್ಕು.
ಮೂವತ್ತು ದಾಟಬಾರದು.

"ಕೀ ಕೊಡಿ ಸಾರ್," ಅಂದೆ.
ಆಗ, ಮೊದಲ ಸಲ,
ಅವರ ಮುಖದೊಳಗಿಂದ
ಕುಡಿದವನೊಬ್ಬ ಇಣುಕಿದ.