ಅಂಗಿಯೊಂದಕ್ಕೆ ನೂರ ಅರವತ್ತು

ಒನೊಮಿಚಿಯ ದೋಣಿಗಟ್ಟೆಯಿಂದ ಮೂರನೇ ಓಣಿಯಲ್ಲಿ
ನನ್ನ ಇಸ್ತ್ರಿ ಅಂಗಡಿ.
ಊರಿನ ಕತ್ತುಪಟ್ಟಿಗಳೆಲ್ಲ ನನಗೆ ಗೊತ್ತು:
ಯಾರು ಬೆವರಿದರು, ಯಾರು ಸುಮ್ಮನೆ ಕೂತರು.

ಇಪ್ಪತ್ತು ವರ್ಷ ಬಡ್ಡಿಯೆಂದರೆ ಒಂದು ತಮಾಷೆ.
ಫೆಬ್ರವರಿಗೊಮ್ಮೆ, ಆಗಸ್ಟಿಗೊಮ್ಮೆ
ಬ್ಯಾಂಕಿನ ಯಂತ್ರದ ಬಾಯಿಗೆ ಪಾಸ್‌ಬುಕ್ ಕೊಟ್ಟರೆ
ಕರಕರ ಅಗಿದು ಒಂದು ಸಾಲು ಉಗುಳುತ್ತಿತ್ತು:
ಮೂವತ್ತು ಲಕ್ಷಕ್ಕೆ ಹದಿಮೂರು ಯೆನ್.
ಅದೂ ತೆರಿಗೆಗೆಂದು ಎರಡು ಮುರಿದುಕೊಂಡು.
ಸರ್ಕಾರ ನಾಚದೆ ಎರಡು ಯೆನ್ ಎಣಿಸಿತಲ್ಲ ಎಂದು
ನಾನೂ ಕುರಾಶಿಗೆಯೂ ನಗುತ್ತಿದ್ದೆವು.
ಕುರಾಶಿಗೆ ಆ ಬ್ಯಾಂಕಿನವನೇ.
ವಾರಕ್ಕೆ ಐದು ಬಿಳಿ ಅಂಗಿ, ಗಂಜಿ ಕಡಿಮೆ.

ನಗುವುದು ಆಗ ಸುಲಭ.
ಮೊಟ್ಟೆಯ ಬೆಲೆ ಅಲ್ಲೇ, ಸೋಪಿನ ಬೆಲೆ ಅಲ್ಲೇ,
ಹಲಗೆಯ ಮೇಲೆ ನಾನು ಬರೆದ ನೂರ ಅರವತ್ತೂ ಅಲ್ಲೇ.
ಏನೂ ಏರದ ಊರಿನಲ್ಲಿ
ದುಡ್ಡು ಕೂಡ ಇಸ್ತ್ರಿಯಾದ ಅಂಗಿಯ ಹಾಗೆ
ಮಡಿಕೆ ಕೆಡದೆ ಮಲಗಿತ್ತು.

ಆಮೇಲೆ ಅಕ್ಕಿ ಎದ್ದು ನಿಂತಿತು.
ಐದು ಕಿಲೋದ ಚೀಲ, ಎರಡು ಸಾವಿರದ್ದು,
ಮೂರರ ಕಡೆಗೆ ನಡೆಯತೊಡಗಿತು.
"ಮಲಗಿದ ದುಡ್ಡಿಗೆ ಹುಳ ಹಿಡಿಯುತ್ತೆ, ಕಿನುಯೊ ಅವರೇ"
ಎಂದ ಕುರಾಶಿಗೆ, ಚೀಟಿ ಕೊಟ್ಟು ಅಂಗಿ ತೆಗೆದುಕೊಳ್ಳುತ್ತ.
ಬಟ್ಟೆಯ ಹುಳ ಕಂಡವಳು ನಾನು, ನಂಬಿದೆ.
ಗಲ್ಲೆಯಿಂದ ತಿಂಗಳಿಗೆ ಹತ್ತು ಸಾವಿರ,
ಲೋಕದ ಕಂಪನಿಗಳಲ್ಲೆಲ್ಲ
ಒಂದೊಂದು ಗುಂಡಿಯಷ್ಟು ಪಾಲು.

ಜೀರುಂಡೆ ಕಿರುಚುತ್ತಿದ್ದ ಒಂದು ಸೋಮವಾರ
ಷೇರುಪೇಟೆ ಕುಸಿಯಿತೆಂದು ರೇಡಿಯೋ ಹೇಳಿತು.
ನಾನೊಂದು ತೋಳಿನ ಮೇಲಿದ್ದೆ.
ಬಿಟ್ಟು ಓಡಿದರೆ ಸುಟ್ಟೇಹೋಗುತ್ತದೆ.
ಮುಗಿಸಿ, ಇನ್ನೊಂದು ತೋಳನ್ನೂ ಮುಗಿಸಿ,
ಕೈ ಒರೆಸಿ ಫೋನ್ ನೋಡಿದೆ.
ಒಂದು ಚಳಿಗಾಲದ ಸೀಮೆಎಣ್ಣೆಯಷ್ಟು ಹೋಗಿತ್ತು.
ಎಲ್ಲಿಗೆ? ಯಾರ ಜೇಬಿಗೆ?
ಮೂವತ್ತೊಂದು ವರ್ಷ ಜೇಬು ತಡಕಿದವಳು,
ಸಿಕ್ಕ ಚಿಲ್ಲರೆಗೆ ಹೆಸರು ಬರೆದು ಹಿಂದಿರುಗಿಸಿದವಳು,
ಈ ಜೇಬು ಮಾತ್ರ ನನಗೆ ಸಿಗಲಿಲ್ಲ.

ಕುರಾಶಿಗೆಯ ಕತ್ತುಪಟ್ಟಿ ಆ ವಾರ ಹಳದಿ.
ಮಾರಬೇಡಿ ಎಂದ. ಮಾರಲಿಲ್ಲ.
ಧೈರ್ಯವೇನಲ್ಲ, ಎಲ್ಲಿ ಒತ್ತಬೇಕೋ ತಿಳಿಯಲಿಲ್ಲ.
ಚಳಿ ಬರುವ ಹೊತ್ತಿಗೆ ಸೀಮೆಎಣ್ಣೆ ತಾನೇ ಮರಳಿತು.
ಹೋಗುವಾಗ ಹೇಳಿರಲಿಲ್ಲ,
ಬರುವಾಗಲೂ ಹೇಳಲಿಲ್ಲ.

ಮೊನ್ನೆ ಆಗಸ್ಟಿನಲ್ಲಿ ಯಂತ್ರ ಉಗುಳಿದ್ದು
ಎರಡು ಸಾವಿರದ ಮುನ್ನೂರ ತೊಂಬತ್ತೊಂದು.
ಕನ್ನಡಕ ಹಾಕಿ ಮತ್ತೆ ನೋಡಿದೆ.
ಅಷ್ಟರಲ್ಲಿ ಅಕ್ಕಿ ನಾಲ್ಕು ದಾಟಿತ್ತು;
ಅರ್ಧ ವರ್ಷದ ಬಡ್ಡಿಗೆ ಅರ್ಧ ಚೀಲ, ಮೇಲೊಂದು ಹಿಡಿ.
ಆದರೂ ಗಟ್ಟೆಯ ಮೇಲೆ ಕೂತು
ದೋಣಿ ಆಚೆ ಮುಟ್ಟುವ ತನಕ
ಬಡ್ಡಿಯ ಹೆಸರಲ್ಲಿ ಒಂದು ಐಸ್‌ಕ್ರೀಂ ತಿಂದೆ.

ಅದೇ ವಾರ ಮಿಗಿತಾ ಬಂದ, ಮೆಟ್ಟಿಲ ಬೀದಿಯ ಹುಡುಗ.
ಹೊಸ ಮನೆ, ಮೂವತ್ತೈದು ವರ್ಷದ ಸಾಲ,
ಏರಿದರೆ ಏರುವ ಬಡ್ಡಿ.
ಐದು ಅಂಗಿ ತರುತ್ತಿದ್ದವನು ಎರಡು ತಂದ.
"ಉಳಿದದ್ದು ಮನೆಯಲ್ಲೇ..." ಎಂದು
ಮಾತನ್ನು ಅಲ್ಲಿಗೇ ಮಡಿಸಿಟ್ಟ.

ಲೆಕ್ಕ ಹಾಕಬಾರದಿತ್ತು. ಹಾಕಿದೆ.
ವಾರಕ್ಕೆ ಮೂರು ಅಂಗಿ, ಇಪ್ಪತ್ತಾರು ವಾರ:
ನನಗೆ ಬಂದ ಬಡ್ಡಿಯ ಐದು ಪಾಲು.
ಯಾವುದು ನನ್ನ ಬಲಗೈಗೆ ಅರ್ಧ ಚೀಲ ಅಕ್ಕಿ ಹಾಕಿತೋ
ಅದೇ ಎಡಗೈಯಿಂದ
ಮಿಗಿತಾನ ಮೂರು ಅಂಗಿ ಎಳೆದುಕೊಂಡಿತ್ತು.
ಅವನಿಗೆ ಅದು ಗೊತ್ತಿಲ್ಲ. ತಲೆಬಾಗಿಸಿ ಹೋದ.

ಇವತ್ತು ಹಲಗೆ ಒರೆಸಿದ್ದೇನೆ.
ಸೀಮೆಸುಣ್ಣ ಕೈಯಲ್ಲಿದೆ. ನೂರ ತೊಂಬತ್ತು? ಎಂಬತ್ತು?
ಕರೆಂಟು ಏರಿದೆ, ತಂತಿಯ ಹ್ಯಾಂಗರು ಏರಿದೆ,
ಎಲ್ಲರೂ ಏರಿಸುತ್ತಾರೆ ಎಂದು ಬೈಯುತ್ತಿದ್ದೆನಲ್ಲ,
ಆ ಎಲ್ಲರೊಳಗೆ ಇವತ್ತು ನಾನೊಬ್ಬಳು.

ಮಿಗಿತಾನ ಎರಡು ಅಂಗಿ ಕೊಕ್ಕೆಯಲ್ಲಿ ತೂಗುತ್ತಿವೆ.
ಒಂದರ ಜೇಬಿನಲ್ಲಿ ಒಂದು ಯೆನ್ ಸಿಕ್ಕಿತು,
ಮೆಲ್ಲಗೆ ಇಟ್ಟರೆ ನೀರಲ್ಲೂ ಮುಳುಗದಷ್ಟು ಹಗುರ.
ಪುಟ್ಟ ಚೀಲಕ್ಕೆ ಹಾಕಿ ಅವನ ಹೆಸರು ಬರೆದೆ.

ಹಲಗೆ ಇನ್ನೂ ಒದ್ದೆ.
ಒಣಗಲಿ.