ಒಂದು ನೂಲಿಗೆ ಎಷ್ಟು ಗೂಡು

ತಪ್ಪು ನನ್ನದೇ. ಮೂರು ವರ್ಷದ ಹಿಂದೆ
ಬಳಕೆದಾರ ಅನ್ನುವ ಕ್ಲಾಸ್ ಬರೆಯುವಾಗ
ಇಮೇಲ್ ಅಂತ ಒಂದೇ ಒಂದು ಖಾನೆ ಇಟ್ಟೆ,
ಪಕ್ಕದಲ್ಲಿ ಷರಾ ಬರೆದೆ:
ಇಮೇಲ್ ಸಮ ಇದ್ದರೆ ಮನುಷ್ಯ ಸಮ.
ಟೆಸ್ಟುಗಳೆಲ್ಲ ಹಸಿರು. ಟೀ ಕುಡಿಯಲು ಹೋದೆ.

ಇವತ್ತು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹರಾಜು ಮುಗಿದ ಹೊತ್ತು, ಕೌಂಟರಿನ ಜಾಲರಿಯಾಚೆ
ಖುದ್ದೂಸ್ ಸಾಬರು ಫೋನು ಎತ್ತಿ ಹಿಡಿದಿದ್ದಾರೆ.
"ಲಾಟು ನಂದು, ದುಡ್ಡು ನಂದು, ಚೀಟಿ ಯಾರ್ದಮ್ಮ?"

ತೆಗೆದು ನೋಡಿದರೆ ನನ್ನ ಪರದೆಯಲ್ಲಿ
ಮೂವರು ಖುದ್ದೂಸರು.
ಒಬ್ಬನನ್ನು ಹುಟ್ಟಿಸಿದ್ದು ಸೈಬರ್ ಅಂಗಡಿ ಮುನಿನಂಜಪ್ಪ;
ಪಾಸ್‌ವರ್ಡು ಅಂಗಡಿಯ ಗೋಡೆ ಮೇಲಿತ್ತಂತೆ,
ಯುಗಾದಿಗೆ ಸುಣ್ಣ ಹೊಡೆದರು.
ಇನ್ನೊಬ್ಬ ಬ್ಯಾಂಕಿನವನು. ಮುಂಗಡ ಕಟ್ಟಿದ್ದಾನೆ,
ಒಂದು ಗೂಡನ್ನೂ ಕೊಂಡಿಲ್ಲ.
ಮೂರನೆಯವನಿಗೆ ಮಗಳು ನಿಖತ್‌ಳ ಕಾಲೇಜಿನ ವಿಳಾಸ.
ಅವನು ಕೂಗಿದ್ದಾನೆ, ಗೆದ್ದಿದ್ದಾನೆ, ಖಾತೆಯಲ್ಲಿ ಕಾಸಿಲ್ಲ.
ಒಬ್ಬನ ಹಸಿವು ಇನ್ನೊಬ್ಬನ ತಟ್ಟೆ ಮುಂದೆ ಕೂತಿದೆ.

"ನಿಮ್ಮ ಇಮೇಲ್ ಯಾವುದು ಸಾಬ್?"
"ಯಾವುದು ಹೇಳ್ಲಿ?" ಕಪಟವಿಲ್ಲದೆ ಕೇಳುತ್ತಾರೆ.
ಮೇಲಿನವರು ಫೋನಿನಲ್ಲಿ: ಇಬ್ಬರನ್ನು ಅಳಿಸಿಬಿಡು.
ಯಾವ ಇಬ್ಬರನ್ನು?

ಮೂಟೆಯ ಹಿಂದೆ ನಡೆದು ಅವರ ಘಟಕಕ್ಕೆ ಹೋದೆ.
ಹಬೆ, ಬೆಂದ ಹುಳುವಿನ ವಾಸನೆ.
ಖುತೇಜಾಬಿ ಬಿಸಿನೀರಲ್ಲಿ ಕಡ್ಡಿಯಾಡಿಸಿ
ಗೂಡುಗಳ ತುದಿ ಹುಡುಕುತ್ತಿದ್ದರು.
ಎಂಟು ಗೂಡು, ಎಂಟು ಎಳೆ, ಒಂದು ನೂಲು.
ಒಂದೇ ಗೂಡಿನ ಎಳೆ ಸಾಲದಾ, ಕೇಳಿದೆ.
ನಕ್ಕರು. "ಕಣ್ಣಿಗೇ ಕಾಣಲ್ಲ, ನೇಯೋರಿಗೆ ಏನು ಕೊಡ್ತೀಯ?"
ಮಾತಿನ ನಡುವೆ ಒಂದೆಳೆ ಕಡಿಯಿತು.
ಚರಕ ನಿಲ್ಲಿಸದೆ, ಕೈಯತ್ತ ನೋಡದೆ,
ಬೇರೆ ಗೂಡಿನ ತುದಿ ಎಸೆದು ಅಂಟಿಸಿದರು.
ನೂಲಿಗೆ ಸುದ್ದಿಯೇ ಮುಟ್ಟಲಿಲ್ಲ.

ರಾತ್ರಿ ಕೋಡು ಬಿಚ್ಚಿದೆ.
ಮನುಷ್ಯನಿಗೆ ಅರ್ಥವಿಲ್ಲದ ಒಂದು ಸಂಖ್ಯೆ ಕೊಟ್ಟೆ;
ಅವನಿಗೇ ಗೊತ್ತಿಲ್ಲ, ಹಾಗಾಗಿ ಮರೆಯಲಾರ.
ಇಮೇಲನ್ನು ಖಾನೆಯಿಂದ ಎಬ್ಬಿಸಿ
ಅದಕ್ಕೇ ಬೇರೆ ಕ್ಲಾಸ್ ಕಟ್ಟಿದೆ:
ಎಂದು ಬಂತು, ಓಟಿಪಿಗೆ ಓಗೊಟ್ಟಿತಾ,
ಇನ್ನೂ ಉಸಿರಾಡುತ್ತಾ, ಸದ್ಯಕ್ಕೆ ಮೊದಲನೆಯದಾ.
ಮನುಷ್ಯನೇ ವಿಳಾಸ ಅಂತಿದ್ದ ಕಡೆಯೆಲ್ಲ
ಮನುಷ್ಯನಿಗೆ ವಿಳಾಸಗಳಿವೆ ಅಂತ ತಿದ್ದಿದೆ.
ಅಷ್ಟಕ್ಕೇ ಮೂರು ಗಂಟೆಯಾಯಿತು.

ಅಮ್ಮ ಎದ್ದು ಬಂದು, "ಪಿಳ್ಳಾ, ಇಂಕಾ ಪಡುಕೋಲೇದಾ?"
ಸಂಬಳದ ಚೀಟಿಯಲ್ಲಿ ನಾನು ಪಿ. ಭಾರ್ಗವಿ,
ಮಾರುಕಟ್ಟೆಯಲ್ಲಿ ಕಂಪ್ಯೂಟರಮ್ಮ.
ಮೂರಕ್ಕೂ ತಿರುಗುವ ಕತ್ತು ಒಂದೇ,
ಅದೀಗ ನೋಯುತ್ತಿತ್ತು.

ಬೆಳಿಗ್ಗೆ ಮೂವರು ಖುದ್ದೂಸರು ಒಬ್ಬರಾದರು,
ದುಡ್ಡು ಲಾಟಿಗೆ ಸೇರಿತು.
ಮೊದಲನೆಯದು ಯಾವುದಿಡಲಿ ಅಂದರೆ
"ನಿಖತ್‌ದು ಇಡಮ್ಮ, ಅವಳು ಓದಿ ಹೇಳ್ತಾಳೆ."
ಮೇ ತಿಂಗಳಿಗೆ ಕಡಿಯುವ ಎಳೆ ಅದು.
ಕಡಿಯಲಿ. ತುದಿಗಳಿವೆ.

ಒಂದು ಮಾತ್ರ ಬಗೆಹರಿದಿಲ್ಲ.
ಮುನಿನಂಜಪ್ಪನ ಸ್ವಂತ ಇಮೇಲಿನ ಕೆಳಗೆ
ನಲವತ್ತೊಂದು ಜನ ರೀಲರುಗಳಿದ್ದಾರೆ,
ಅದರಲ್ಲಿ ಇಬ್ಬರು ತೀರಿಕೊಂಡವರು,
ಒಬ್ಬರ ಹೆಸರಲ್ಲಿ ಹೆಂಡತಿ ಇವತ್ತೂ ಹರಾಜು ಕೂಗಿದಳು.
ಒಂದೇ ಗೂಡಲ್ಲಿ ಎರಡು ಹುಳು ಕೂತರೆ
ಎಳೆ ಸಿಕ್ಕಾಗುತ್ತೆ, ಆರಿಸಿ ಪಕ್ಕಕ್ಕೆ ಹಾಕ್ತೀವಿ,
ಖುತೇಜಾಬಿ ಹೇಳಿದ್ದರು.
ಆ ಬುಟ್ಟಿ ನನ್ನ ಹತ್ತಿರ ಇಲ್ಲ.

ಆ ಸಾಲಿನ ಮೇಲೆ ಷರಾ ಬರೆದು ಲ್ಯಾಪ್‌ಟಾಪ್ ಮುಚ್ಚಿದೆ:
ಮುಟ್ಟಬೇಡಿ, ಒಳಗೆ ಜನ ಇದ್ದಾರೆ.